ಉಚಿತ ತಂತ್ರಾಂಶ: ಒಳಗೇನು, ಹೊರಗೇನು?

ಪೋಸ್ಟ್‌ಗ್ರೆಸ್‌ಕ್ಯೂಎಲ್ ದತ್ತಾಂಶ ತಂತ್ರಾಂಶವು ಉಚಿತವಾದರೂ ಅದರೊಡನೆ ಬರುವ ಪ್ರತಿಯೊಂದು ಭಾಗಕ್ಕೂ ನಿರ್ವಹಣೆಯ ಹೊಣೆಯುಂಟು. ಪ್ರತಿ ಪ್ರಮುಖ ಆವೃತ್ತಿಗೆ 5 ವರ್ಷ ತಿದ್ದುಪಡಿ ಒದಗಿಸುವ ಅಭಿವೃದ್ಧಿಕಾರರು ಕೇಳಿದ್ದೆಲ್ಲವನ್ನೂ ಸೇರಿಸಲಾರರು. ಪಠ್ಯಶೋಧ ಸೌಲಭ್ಯವು ಬಹುಕಾಲ ಹೆಚ್ಚುವರಿ ಘಟಕವಾಗಿದ್ದು, 2008ರ 8.3 ಆವೃತ್ತಿಯಲ್ಲಷ್ಟೇ ಮೂಲಕ್ಕೆ ಸೇರಿತು. ದತ್ತಾಂಶವನ್ನು ಮತ್ತೊಂದು ಯಂತ್ರಕ್ಕೆ ಸತತವಾಗಿ ನಕಲಿಸುವ ಸೌಲಭ್ಯವು 2010ರ 9.0ರಲ್ಲಿ ಅಂತರ್ಗತವಾಯಿತು. ಈ ಬಿಗಿಹಿಡಿತ ಸರಿಯಾದುದೇ. ನೋಡಿಕೊಳ್ಳುವವರಿಲ್ಲದ ಘಟಕವು ಲೆಕ್ಕಕ್ಕೆ ಬಾರದ ಸಾಲವಿದ್ದಂತೆ.

ಬಳಸುವ ಸಂಸ್ಥೆಗಳೂ ಎಚ್ಚರ ವಹಿಸಬೇಕು. ವಿವರವಾದ ಆಡಿಟ್ ದಾಖಲೆ ಇಡುವ ಪಿಜಿಆಡಿಟ್ ಮೂಲ ವಿತರಣೆಯ ಹೊರಗಿದೆ. ಕಂಪನಿಗಳ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಬೇಕೆಂಬ ನಿಯಮವು 1-4-2023ರಿಂದ ಜಾರಿಯಲ್ಲಿದೆ. ಪಾಲನೆಯ ಹೊಣೆ ಕಂಪನಿಯದೇ. ಆದ್ದರಿಂದ ಹೊರಗಿನಿಂದ ಸೇರಿಸುವ ಪ್ರತಿ ಘಟಕವನ್ನು ಮುಂದೆ ನೋಡಿಕೊಳ್ಳುವವರು ಯಾರೆಂಬುದನ್ನು ಸದಸ್ಯರು ಅಳವಡಿಕೆಗೆ ಮುನ್ನವೇ ಲಿಖಿತವಾಗಿ ಪಡೆದಿಟ್ಟುಕೊಳ್ಳುವುದು ಲೇಸು.