ಶ್ರವಣಶಕ್ತಿಯ ರಕ್ಷಣೆ

ಕುರುಡನನ್ನು ಕಂಡು ಮರುಗುವ ನಮ್ಮ ಜನರು ಕಿವುಡನನ್ನು ಕಂಡು ನಗುತ್ತಾರೆ. ನಾಟಕಗಳಲ್ಲಿಯೂ ಹರಟೆಗಳಲ್ಲಿಯೂ ಅವನದು ಹಾಸ್ಯದ ಪಾತ್ರವೇ ಆಗಿದೆ. ಕಣ್ಣು ಹೋದವನ ಸಂಕಟವು ಎದುರಿಗಿದ್ದವರಿಗೆ ಕಾಣುವುದು. ಕಿವಿ ಹೋದವನ ಸಂಕಟವಾದರೋ ಅವನೊಬ್ಬನಿಗೇ ಗೊತ್ತು. ಆದುದರಿಂದಲೇ ಈ ವಿಷಯದಲ್ಲಿ ಲೋಕದ ಔದಾಸೀನ್ಯವು ಇಷ್ಟು ಬೆಳೆದಿದೆಯೆಂದು ನಾವು ಭಾವಿಸುತ್ತೇವೆ.

ಕೇಳುವುದು ಕಿವಿಯೊಂದರ ಕೆಲಸವೆಂಬ ನಂಬಿಕೆ ಸಾಮಾನ್ಯವಾಗಿದೆ. ವಸ್ತುತಃ ಕಿವಿಯು ದ್ವಾರಪಾಲಕ ಮಾತ್ರ. ಕೇಳಿ ಅರ್ಥಮಾಡತಕ್ಕದ್ದು ಮಿದುಳು. ಗಾಳಿಯ ಕಂಪನವು ಕಿವಿಯ ತಮಟೆಯನ್ನು ಅಲುಗಿಸಿ, ಮೂರು ಪುಟ್ಟ ಎಲುಬುಗಳ ಮೂಲಕ, ಶಂಖದಂತೆ ಸುತ್ತಿಕೊಂಡಿರುವ ಒಳಗಿವಿಯ ದ್ರವವನ್ನು ಮುಟ್ಟುತ್ತದೆ. ಅಲ್ಲಿರುವ ಸುಮಾರು 15,000 ರೋಮಕೋಶಗಳಲ್ಲಿ ಬುಡದವು ತಾರಸ್ವರಕ್ಕೂ ತುದಿಯವು ಮಂದ್ರಸ್ವರಕ್ಕೂ ಮಿಡಿಯುತ್ತವೆ. ಈ ಶಂಖದೊಳಗಣ ವ್ಯಾಪಾರವನ್ನು ಶೋಧಿಸಿದುದಕ್ಕಾಗಿ ಹಂಗೇರಿಯಲ್ಲಿ ಜನಿಸಿದ ಬೆಕೆಶಿ ಎಂಬ ವಿದ್ವಾಂಸರಿಗೆ 1961ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಕೋಶಗಳು ಕಂಪನವನ್ನು ವಿದ್ಯುತ್ಸಂಕೇತವಾಗಿ ಮಾರ್ಪಡಿಸಲು, ಶ್ರವಣನರವು ಅದನ್ನು ಮಿದುಳಿಗೆ ಒಯ್ಯುತ್ತದೆ. ಒಂದು ಶಬ್ದವು ಎರಡು ಕಿವಿಗಳನ್ನು ಮುಟ್ಟುವಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆಯಾದ ಅಂತರವನ್ನು ಗ್ರಹಿಸಿ ದಿಕ್ಕನ್ನು ನಿರ್ಣಯಿಸುವುದೂ, ಸಂತೆಯ ಗದ್ದಲದಲ್ಲಿ ಪರಿಚಿತರ ದನಿಯನ್ನು ಬೇರ್ಪಡಿಸುವುದೂ ಮಿದುಳಿನ ಸಾಮರ್ಥ್ಯವೇ ಸರಿ. ಶೈಶವದಲ್ಲಿ ನುಡಿಯಾಗಲಿ ಕೈಸನ್ನೆಯ ಭಾಷೆಯಾಗಲಿ ದೊರೆಯದ ಮಗುವಿನಲ್ಲಿ ಭಾಷಾಶಕ್ತಿಯೇ ಕುಂಠಿತವಾಗುವುದು.

ಕಿವುಡಿಗೆ ಕಾರಣಗಳು ಹಲವು. ಗುಗ್ಗೆ ಗಟ್ಟಿಯಾಗುವುದು, ಕಿವಿ ಸೋರುವುದು, ತಮಟೆ ಹರಿಯುವುದು ಇವುಗಳಿಗೆ ಬಹುಮಟ್ಟಿಗೆ ಚಿಕಿತ್ಸೆಯುಂಟು. ಆದರೆ ವಂಶಪಾರಂಪರ್ಯ ದೋಷ, ದಡಾರ, ಮಂಗನಬಾವು, ಮಿದುಳುಪೊರೆಯ ಜ್ವರ, ಸ್ಟ್ರೆಪ್ಟೊಮೈಸಿನ್‌ನಂತಹ ಔಷಧಿಗಳು, ವೃದ್ಧಾಪ್ಯ, ಕೊನೆಯದಾಗಿ ಅತಿಯಾದ ಸದ್ದು, ಇವು ಒಳಗಿವಿಯನ್ನೋ ನರವನ್ನೋ ಕೆಡಿಸುತ್ತವೆ. ಮನುಷ್ಯನಲ್ಲಿ ಒಮ್ಮೆ ಸತ್ತ ರೋಮಕೋಶವು ಮತ್ತೆ ಹುಟ್ಟುವುದಿಲ್ಲ. ವಾರಕ್ಕೆ 40 ಗಂಟೆ 80 ಡೆಸಿಬಲ್ ಸದ್ದನ್ನು ತಾಳಬಲ್ಲ ಕಿವಿಗೆ 90 ಡೆಸಿಬಲ್ ಆದರೆ ವಾರಕ್ಕೆ 4 ಗಂಟೆಯೇ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ.

ಇಲ್ಲಿ ನಮ್ಮ ತಪ್ಪನ್ನೂ ನಾವು ಒಪ್ಪಿಕೊಳ್ಳಬೇಕಾಗಿದೆ. ನಮ್ಮ ಅಚ್ಚುಕೂಟದ ಯಂತ್ರದ ಪಕ್ಕದಲ್ಲಿ ಬಹುಕಾಲ ದುಡಿದ ಹಿರಿಯರೊಬ್ಬರು ಈಗ ನಾವು ಕರೆದರೆ ತಿರುಗಿ ನೋಡುವುದಿಲ್ಲ. ವಯಸ್ಸಾಯಿತೆಂದು ನಾವು ಸಮಾಧಾನ ಹೇಳಿಕೊಂಡೆವು. ಕಿವಿಗೆ ರಕ್ಷೆಯನ್ನು ಕೊಡಬೇಕೆಂದು ನಮಗೆ ತೋರಲಿಲ್ಲ. ಪರರಿಗೆ ಬುದ್ಧಿ ಹೇಳುವ ಪತ್ರಿಕೆಯು ತನ್ನ ಮನೆಯನ್ನೇ ನೋಡಿಕೊಳ್ಳಲಿಲ್ಲವಲ್ಲಾ ಎಂಬ ನಾಚಿಕೆಯಿಂದಲೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ಕಾನೂನಿಗೆ ಕೊರತೆಯಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿಯ ಬೀದಿಗಳಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಕೂಡದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವು ನಿಷಿದ್ಧ. ಉತ್ಸವಗಳ ಸಲುವಾಗಿ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಕೆಗೆ ಅವಕಾಶವುಂಟು. ಆದರೆ ಮೆರವಣಿಗೆ ಯಾವ ದೇವರದಾಗಲಿ, ಯಾವ ಪಕ್ಷದ್ದಾಗಲಿ, ನಿಯಮವು ಕಾಗದದಲ್ಲಿಯೇ ಉಳಿಯುತ್ತದೆ. ಅಬ್ಬರವೇ ಭಕ್ತಿಯಲ್ಲ, ಅಬ್ಬರವೇ ದೇಶಾಭಿಮಾನವೂ ಅಲ್ಲ. ದೇಶದ ಮಕ್ಕಳ ಕಿವಿಯನ್ನು ಕೆಡಿಸಿ ದೇಶಕ್ಕೆ ಜಯಕಾರ ಮಾಡುವುದರಲ್ಲಿ ಯಾವ ಪುರುಷಾರ್ಥವಿದೆ?

1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮೈಸೂರಿನಲ್ಲಿಯೇ ಇರುವುದು ಕನ್ನಡಿಗರ ಭಾಗ್ಯ. ಕೂಸು ಸದ್ದಿಗೆ ಬೆಚ್ಚದಿದ್ದರೆ, "ತಡವಾಗಿ ಮಾತು ಬರುತ್ತದೆ" ಎಂಬ ಹಿರಿಯರ ಸಾಂತ್ವನವನ್ನು ನಂಬಿ ಕೂಡದೆ, ಮೊದಲ ತಿಂಗಳುಗಳಲ್ಲಿಯೇ ಪರೀಕ್ಷೆ ಮಾಡಿಸಬೇಕು. ವೃದ್ಧರು ಕನ್ನಡಕವನ್ನು ಧರಿಸುವಂತೆಯೇ ಶ್ರವಣಯಂತ್ರವನ್ನೂ ಸಂಕೋಚವಿಲ್ಲದೆ ಧರಿಸಬೇಕು. ಪೋಲೀಸ್ ಹಾಗೂ ಪುರಸಭೆಯ ಅಧಿಕಾರಿಗಳು ಮುಖ ನೋಡದೆ ನಿಯಮವನ್ನು ನಡೆಸಬೇಕು. ಯಂತ್ರಗಳ ಒಡೆಯರು ಕೆಲಸಗಾರರ ಕಿವಿಗೆ ರಕ್ಷೆಯನ್ನು ಒದಗಿಸಬೇಕು. ಇದನ್ನು ನಮ್ಮ ಅಚ್ಚುಕೂಟದಲ್ಲಿ ಈ ವಾರವೇ ಜಾರಿಗೆ ತಂದಿದ್ದೇವೆ. ಆ ಹಿರಿಯರ ಪಾಲಿಗೆ ಅದು ತಡವಾಯಿತು. ಅವರ ಪಕ್ಕದಲ್ಲಿ ನಿಂತಿರುವ ಹುಡುಗನ ಪಾಲಿಗಾದರೂ ತಡವಾಗದಿರಲಿ.