ಪಂದ್ಯಾಟಕ್ಕೆ ಬಂದವರು ನಮ್ಮ ಅತಿಥಿಗಳು



ಕಳೆದ ಭಾನುವಾರ ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಗಣಿತದ ಪಿರಿಯಡ್ಡಿನಲ್ಲಿ ಕರಿಹಲಗೆಗಿಂತ ಕಿಟಕಿಯಾಚೆಯ ಮೈದಾನವನ್ನೇ ಹೆಚ್ಚು ನೋಡುತ್ತಿದ್ದ ಹುಡುಗ. ಈಗ ಬೈಂದೂರು ಕಡೆಯ ಒಂದು ಯುವಕ ಮಂಡಲದ ಕಾರ್ಯದರ್ಶಿಯಾಗಿದ್ದಾನೆ. "ಸರ್, ಈ ವರ್ಷ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ಇತ್ತ್. ಸ್ಮರಣ ಸಂಚಿಕೆಗೆ ನಿಮ್ದೊಂದ್ ಶುಭಾಶಯ ಬೇಕಿತ್ತ್" ಎಂದ. ಜತೆಗೆ ಖರ್ಚಿನ ಅಂದಾಜುಪಟ್ಟಿಯನ್ನೂ ತೋರಿಸಿದ. ಅಧ್ಯಾಪಕನ ಕಣ್ಣು ಎಲ್ಲಿ ಹೋದರೂ ಕೂಡುವ ಕಳೆಯುವ ಲೆಕ್ಕಕ್ಕೇ ಹೋಗುತ್ತದೆ. ಡಿಜೆ, ಬಣ್ಣದ ದೀಪ, ಸುಡುಮದ್ದು, ಮಂಗಳೂರಿನಿಂದ ಬರುವ ನೃತ್ಯ ತಂಡ ಎಂದು ನಾಲ್ಕು ಸಾಲುಗಳಿದ್ದವು. ಇವುಗಳ ಒಟ್ಟು ಮೊತ್ತ ಬಹುಮಾನದ ಮೊತ್ತವನ್ನು ಮೀರಿತ್ತು. ಕುಡಿಯುವ ನೀರಿಗೆ ಒಂದು ಸಾಲೂ ಇರಲಿಲ್ಲ. ಹೆಂಗಸರಿಗೆ ಶೌಚಾಲಯದ ಪ್ರಸ್ತಾಪವೇ ಇರಲಿಲ್ಲ.

ನಾನು ಕೇಳುವ ಮೊದಲೇ ಆತ ಸಮಜಾಯಿಷಿ ಕೊಟ್ಟ. ಬರಿಯ ಆಟ ನೋಡಲು ಈಗ ಜನ ಬರುವುದಿಲ್ಲ, ಮನೆಯ ಜಗಲಿಯಲ್ಲಿ ಕುಳಿತು ಮೊಬೈಲಿನಲ್ಲಿ ಪ್ರೊ ಕಬಡ್ಡಿ ನೋಡುವವರನ್ನು ಮೈದಾನಕ್ಕೆ ಎಳೆಯಬೇಕಾದರೆ ಏನಾದರೊಂದು ಆಕರ್ಷಣೆ ಬೇಕೇ ಬೇಕು ಎಂಬುದು ಅವನ ವಾದ. ಆ ಮಾತನ್ನು ತಳ್ಳಿಹಾಕಲಾರೆ. ಪಂದ್ಯ ನೋಡಲು ಬಂದವರನ್ನು ರಂಜಿಸುವುದು ತಪ್ಪಲ್ಲ. ಆದರೆ ರಂಜನೆಗೊಂದು ಕ್ರಮವಿದೆ. ಆ ಕ್ರಮ ತಪ್ಪಿದರೆ ಆಟಕ್ಕೂ ಕೇಡು, ನೋಡುವವರಿಗೂ ಕೇಡು. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ.

ಕುಂದಾಪುರದ ಗಾಂಧಿ ಮೈದಾನದಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್ ಪಂದ್ಯಾಟಗಳನ್ನು ಕಂಡವರು ನಿಮ್ಮಲ್ಲಿ ಅನೇಕರಿದ್ದೀರಿ. ಅಲ್ಲಿ ರಂಜನೆ ಇರಲಿಲ್ಲವೆಂದು ಹೇಳುವವರು ಯಾರು? ಚರುಮುರಿಯವನ ಡಬ್ಬದ ಸದ್ದು, ಬಿಸಿ ಗೋಳಿಬಜೆಯ ಪರಿಮಳ, ಎಲ್ಲಕ್ಕಿಂತ ಮಿಗಿಲಾಗಿ ಮೈಕಿನ ಮುಂದೆ ಕುಳಿತ ವೀಕ್ಷಕ ವಿವರಣೆಗಾರ. ಬ್ಯಾಟುಗಾರನ ಊರು, ಮನೆ, ಅವನ ಅಣ್ಣ ಆಡುತ್ತಿದ್ದ ಕಾಲದ ಕಥೆ ಎಲ್ಲವೂ ಅವನಿಗೆ ಬಾಯಿಪಾಠ. ನಡುನಡುವೆ "ಹ್ವಾಯ್, ಗೆರಿ ಬಿಟ್ ಹಿಂದ್ ಕೂಕಣಿ" ಎಂದು ನಮ್ಮದೇ ಭಾಷೆಯಲ್ಲಿ ಜನರನ್ನು ಗದರಿಸುತ್ತಿದ್ದ. ಆ ಗದರಿಕೆಯಲ್ಲಿ ಹಾಸ್ಯವೂ ಇತ್ತು, ನಮ್ಮ ಕುರಿತಾದ ಕಾಳಜಿಯೂ ಇತ್ತು. ಚೆಂಡು ಎಸೆಯುವ ಹೊತ್ತಿಗೆ ಅವನು ಬಾಯಿ ಮುಚ್ಚುತ್ತಿದ್ದ. ಎಲ್ಲಿ ಮಾತನಾಡಬಾರದೆಂಬುದು ಅವನಿಗೆ ಗೊತ್ತಿತ್ತು.

ಈ ವಿವೇಕ ನಮ್ಮ ಸೀಮೆಗೆ ಯಕ್ಷಗಾನದಿಂದ ಬಂದುದೆಂದು ನನಗೆ ಅನೇಕ ಬಾರಿ ಅನಿಸಿದೆ. ಆಟವಿರುವ ಊರಿನಲ್ಲಿ ಸಂಜೆಯೇ ಕೇಳಿ ಬಡಿಯುತ್ತಿದ್ದರು. ಚೆಂಡೆಯ ಸದ್ದು ಗದ್ದೆಗಳನ್ನು ದಾಟಿ ಮನೆಮನೆಗೂ ಮುಟ್ಟುತ್ತಿತ್ತು. ಆಮೇಲೆ ಪೂರ್ವರಂಗ. ಕೋಡಂಗಿ, ಬಾಲಗೋಪಾಲ, ಪೀಠಿಕಾ ಸ್ತ್ರೀವೇಷ ಎಂದು ಒಂದೊಂದಾಗಿ ರಂಗಕ್ಕೆ ಬರುತ್ತಿದ್ದವು. ಕಲಿಯುವ ಹುಡುಗರು ಗೆಜ್ಜೆ ಕಟ್ಟಿ ಮೊದಲು ಕುಣಿಯುತ್ತಿದ್ದುದು ಇಲ್ಲಿಯೇ. ಜನ ಬಂದು ಚಾಪೆ ಹಾಸಿ ಕುಳಿತುಕೊಳ್ಳುವಷ್ಟರಲ್ಲಿ ಹುಡುಗರಿಗೆ ರಂಗದ ಅಂಜಿಕೆ ಬಿಡುತ್ತಿತ್ತು, ನೋಡುವವರ ಮನಸ್ಸು ಪ್ರಸಂಗಕ್ಕೆ ಹದವಾಗುತ್ತಿತ್ತು. ಪ್ರಧಾನ ವೇಷ ರಂಗದಲ್ಲಿ ಅರ್ಥ ಹೇಳುವಾಗ ಕೋಡಂಗಿ ನಡುವೆ ನುಗ್ಗಿ ಕುಣಿದರೆ ಭಾಗವತರು ಸುಮ್ಮನಿರುತ್ತಿದ್ದರೇ? ಪಂದ್ಯಾಟದ ಮನರಂಜನೆಯೂ ಪೂರ್ವರಂಗದಂತಿರಬೇಕು ಎಂಬುದು ನನ್ನ ಅಭಿಮತ.

ಕಬಡ್ಡಿಯನ್ನೇ ತೆಗೆದುಕೊಳ್ಳಿ. ದಾಳಿಗೆ ಹೋದವನಿಗೆ 30 ಸೆಕೆಂಡುಗಳ ಅವಕಾಶ. ಅಷ್ಟು ಹೊತ್ತೂ ಅವನು "ಕಬಡ್ಡಿ ಕಬಡ್ಡಿ" ಎನ್ನುತ್ತಿರಬೇಕು, ಅದು ಸ್ಪಷ್ಟವಾಗಿ ಕೇಳಿಸುತ್ತಿರಬೇಕು. ಉಸಿರು ಮುರಿದರೆ ತೀರ್ಪುಗಾರರು ಅವನನ್ನು ಹಿಂದಕ್ಕೆ ಕರೆದು ಎದುರಾಳಿಗಳಿಗೆ ಅಂಕ ಕೊಡುತ್ತಾರೆ. ಇದು ಆಟದ ನಿಯಮ ಮಾತ್ರವಲ್ಲ, ಅದರ ಪ್ರಾಣ. ಮನುಷ್ಯನ ಉಸಿರನ್ನು ಕಿವಿಯಿಂದ ಅಳೆಯುವ ಆಟ ಇದಲ್ಲದೆ ನಮ್ಮಲ್ಲಿ ಇನ್ನಾವುದಿದೆ? ಅಂಥ ಆಟದ ಅಂಕಣದ ಪಕ್ಕದಲ್ಲಿ ಆಳೆತ್ತರದ ಸ್ಪೀಕರುಗಳನ್ನು ಒಂದರ ಮೇಲೊಂದು ಪೇರಿಸಿ ದಾಳಿಯ ನಡುವೆಯೂ ಹಾಡು ಹಾಕಿದರೆ ತೀರ್ಪುಗಾರರಿಗೆ ಏನು ಕೇಳಿಸೀತು? ಪುರುಷರ ಪಂದ್ಯದಲ್ಲಿ 20 ನಿಮಿಷಗಳ ಎರಡು ಅವಧಿಗಳ ನಡುವೆ 5 ನಿಮಿಷಗಳ ವಿರಾಮವಿದೆ, ಟೈಮ್ ಔಟುಗಳಿವೆ, ಒಂದು ಪಂದ್ಯಕ್ಕೂ ಇನ್ನೊಂದಕ್ಕೂ ನಡುವೆ ಸಾಕಷ್ಟು ಹೊತ್ತಿದೆ. ಹಾಡಿಗೆ ಅಷ್ಟು ಜಾಗ ಸಾಲದೇ?

2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದಾಗ ಮಣ್ಣಿನ ಅಂಕಣದ ಆಟಕ್ಕೆ ದೀಪ, ಸಂಗೀತಗಳೆಲ್ಲ ಬಂದವು. ಅದರಿಂದ ಹಳ್ಳಿಯ ಆಟಗಾರನಿಗೆ ಗೌರವವೂ ಸಂಪಾದನೆಯೂ ದೊರೆತವು. ಅದನ್ನು ಮೆಚ್ಚುತ್ತೇನೆ. ಆದರೆ ಒಳಾಂಗಣ ಕ್ರೀಡಾಂಗಣದ ಏರ್ಪಾಡನ್ನು ಗದ್ದೆಯ ಬಯಲಿಗೆ ಹಾಗೆಯೇ ಎತ್ತಿ ತಂದರೆ ಆಗುವುದಿಲ್ಲ. ಸುತ್ತ ಮನೆಗಳಿವೆ. ಮನೆಗಳಲ್ಲಿ ಹಸುಗೂಸುಗಳೂ ರೋಗಿಗಳೂ ಪರೀಕ್ಷೆಗೆ ಓದುವ ಮಕ್ಕಳೂ ಇದ್ದಾರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಇಡೀ ರಾತ್ರಿಯ ಆಟವಾಡುತ್ತಿದ್ದ ಯಕ್ಷಗಾನ ಮೇಳಗಳೇ ಕಾಲಮಿತಿಗೆ ಹೊಂದಿಕೊಂಡಿರುವಾಗ ಡಿಜೆಗೆ ಮಾತ್ರ ಬೇರೆ ನ್ಯಾಯವೇ?

ದೊಡ್ಡ ಕ್ಲಬ್ಬುಗಳ ಅನುಭವವನ್ನೂ ಸ್ವಲ್ಪ ನೋಡೋಣ. 2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಉದ್ಘಾಟನೆಯಾಯಿತು. ಸುಡುಮದ್ದು, ಬೆಳಕಿನಾಟ, ಅಮೆರಿಕದಿಂದ ಕರೆಸಿದ ಚಿಯರ್ ಲೀಡರುಗಳು, ಎಲ್ಲ ವೈಭವವೂ ಇತ್ತು. ಆ ರಾತ್ರಿಯ ಬಗ್ಗೆ ಇಂದು ಯಾರನ್ನಾದರೂ ಕೇಳಿ. ಕೋಲ್ಕತ್ತಾದ ಬ್ರೆಂಡನ್ ಮೆಕಲಮ್ ಔಟಾಗದೆ ಹೊಡೆದ 158 ರನ್ನುಗಳನ್ನು ಹೇಳುತ್ತಾರೆ. ಬೆಂಗಳೂರು 82ಕ್ಕೆ ಉರುಳಿ 140 ರನ್ನುಗಳಿಂದ ಸೋತುದನ್ನು ನೊಂದುಕೊಂಡು ಹೇಳುತ್ತಾರೆ. ಸುಡುಮದ್ದಿನ ಬಣ್ಣ ಯಾರಿಗೆ ನೆನಪಿದೆ? ಅಮೆರಿಕದ ಸೂಪರ್ ಬೌಲಿನ ಮಧ್ಯಂತರ ಕಾರ್ಯಕ್ರಮ ಇಂದು ಜಗತ್ಪ್ರಸಿದ್ಧ ಗಾಯಕರ ವೇದಿಕೆ. ಆದರೆ 1967ರ ಮೊದಲ ಪಂದ್ಯದಲ್ಲಿ ಅಲ್ಲಿ ಬ್ಯಾಂಡ್ ನುಡಿಸಿದವರು ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳು. ಅವರದೂ ಮೊದಲಿಗೆ ಪೂರ್ವರಂಗವೇ ಆಗಿತ್ತು!

ಇದಕ್ಕೆ ಹತ್ತಿರದ ಒಳ್ಳೆಯ ಉದಾಹರಣೆಯೂ ನಮ್ಮ ರಾಜ್ಯದಲ್ಲಿದೆ. 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಫುಟ್ಬಾಲ್ ಕ್ಲಬ್ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಅದರ ಬೆಂಬಲಿಗರು ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಹೆಸರಿನಲ್ಲಿ ಗ್ಯಾಲರಿಯ ಒಂದು ಬದಿಯಲ್ಲಿ ಸೇರಿ, ಡೋಲು ಬಡಿದು, ತಾವೇ ಕಟ್ಟಿದ ಹಾಡುಗಳನ್ನು ಹಾಡುವುದು ರೂಢಿಯಾಯಿತು. ಪಂದ್ಯ ಮುಗಿದ ಮೇಲೆ ಆಟಗಾರರು ಅವರ ಬಳಿಗೆ ಹೋಗಿ ಕೃತಜ್ಞತೆ ಸಲ್ಲಿಸುವ ಸಂಪ್ರದಾಯವೂ ಬೆಳೆಯಿತು. ನೋಡಲು ಬಂದವರೇ ಹುಟ್ಟಿಸಿಕೊಂಡ ಇಂಥ ಸಂತೋಷ ಬಾಡಿಗೆಗೆ ತಂದ ಸಂತೋಷಕ್ಕಿಂತ ಹೆಚ್ಚು ಬಾಳುತ್ತದೆ.

ಇನ್ನು ನೋವಿನ ಸಂಗತಿಗೆ ಬರುತ್ತೇನೆ. ಇಷ್ಟು ವರ್ಷ ಇದನ್ನು ಬರೆದಿರಲಿಲ್ಲ. ಸಂಬಂಧಪಟ್ಟವನ ಒಪ್ಪಿಗೆ ಪಡೆದೇ ಈಗ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಆರಂಭದ ಮಾತು. ಸಮೀಪದ ಊರೊಂದರಲ್ಲಿ ರಾತ್ರಿ ವಾಲಿಬಾಲ್ ಪಂದ್ಯಾಟ. ಒಂಬತ್ತನೆಯ ತರಗತಿಯ ಏಳು ಹುಡುಗರನ್ನು ನಾನೇ ಕರೆದುಕೊಂಡು ಹೋಗಿದ್ದೆ. ಅಡಿಕೆ ಮರ ಮತ್ತು ಹಲಗೆಗಳಿಂದ ಕಟ್ಟಿದ ಗ್ಯಾಲರಿ. ವಿರಾಮದಲ್ಲಿ ಸಿನಿಮಾ ಹಾಡಿಗೆ ಕುಣಿತ ಆರಂಭವಾದೊಡನೆ ಹಿಂದೆ ನಿಂತವರೆಲ್ಲ ಮೇಲೇರಿದರು. ಗ್ಯಾಲರಿ ಒಂದು ಬದಿಗೆ ವಾಲಿ ಕುಸಿಯಿತು. ಅಡಿಯಲ್ಲಿ ಸಿಕ್ಕವರ ಕೂಗು ಮೈಕಿನವನಿಗೆ ಕೇಳಿಸಲಿಲ್ಲ. ಹಾಡು ಕೊನೆಯವರೆಗೂ ನಡೆಯಿತು. ದಾರಿಗೆ ಅಡ್ಡಲಾಗಿ ವಾಹನಗಳು ನಿಂತಿದ್ದುದರಿಂದ ಕಾರು ಒಳಗೆ ಬರಲಾಗಲಿಲ್ಲ. ನಮ್ಮ ಹುಡುಗನೊಬ್ಬನನ್ನು ಬೆಂಚಿನ ಮೇಲೆ ಮಲಗಿಸಿ ರಸ್ತೆಯವರೆಗೆ ಹೊತ್ತೆವು. ಅವನು ಶಾಲೆಯ ಎತ್ತರ ಜಿಗಿತದ ಹುಡುಗ. ಮೂಳೆ ಕೂಡಿಕೊಂಡಿತು, ಆದರೆ ಆ ಕಾಲಿನಿಂದ ಅವನು ಮತ್ತೆ ಜಿಗಿಯಲಿಲ್ಲ. ಮರುದಿನ ಆಸ್ಪತ್ರೆಯಲ್ಲಿ ಅವನ ತಂದೆ ನನ್ನೊಡನೆ ಒಂದೇ ಮಾತು ಆಡಿದರು. "ನೀವ್ ಕರ್ಕಂಡ್ ಹೋತ್ರಿ ಅಂದ್ಹೇಳಿ ಕಳ್ಸಿದ್ದೆ ಮಾಷ್ಟ್ರೆ." ಆ ಸ್ವರದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸಹಿಸುವುದು ಸುಲಭವಾಗುತ್ತಿತ್ತು.

2025ರ ಜೂನ್ 4ರ ಸಂಜೆ ದೂರದರ್ಶನದ ಮುಂದೆ ಕುಳಿತಾಗ ನನಗೆ ಕೇಳಿಸಿದ್ದು ಅದೇ ಮಾತು. ಹಿಂದಿನ ರಾತ್ರಿಯಷ್ಟೇ ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡವು 18ನೆಯ ಆವೃತ್ತಿಯಲ್ಲಿ ಮೊದಲ ಬಾರಿಗೆ ಐಪಿಎಲ್ ಗೆದ್ದಿತ್ತು. ಮರುದಿನವೇ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಜಯೋತ್ಸವ. ಸುಮಾರು 35 ಸಾವಿರ ಜನ ಹಿಡಿಯುವ ಸ್ಥಳದ ಸುತ್ತ ಲಕ್ಷಾಂತರ ಜನ ಸೇರಿದರು. ದ್ವಾರಗಳ ಬಳಿಯ ನೂಕುನುಗ್ಗಲಿನಲ್ಲಿ 11 ಮಂದಿ ಅಸುನೀಗಿದರು. ಅವರಲ್ಲಿ ಶಾಲೆಗೆ ಹೋಗುವ ಬಾಲಕಿಯೂ ಇದ್ದಳು. ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗವು ಆ ವರ್ಷದ ಜುಲೈಯಲ್ಲಿ ವರದಿ ಸಲ್ಲಿಸಿ, ಅಂಥ ಬೃಹತ್ ಜನಸಂದಣಿಗೆ ಕ್ರೀಡಾಂಗಣದ ರಚನೆಯೇ ಯೋಗ್ಯವಲ್ಲವೆಂದು ಹೇಳಿತು. ಆ ವರ್ಷ ಬೆಂಗಳೂರಿನಲ್ಲಿ ನಡೆಯಬೇಕಿದ್ದ ಮಹಿಳಾ ವಿಶ್ವಕಪ್ ಪಂದ್ಯಗಳು ಬೇರೆಡೆಗೆ ಹೋದವು. ಯಾರದು ಎಷ್ಟು ತಪ್ಪೆಂದು ತೀರ್ಮಾನಿಸಲು ನ್ಯಾಯಾಲಯಗಳಿವೆ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಒಂದೇ ವಿಚಾರ. ಆ ದಿನ ಸತ್ತವರು ಆಟ ನೋಡಲು ಹೋದವರೂ ಅಲ್ಲ. ಆಟ ಮುಗಿದಿತ್ತು. ಅವರು ಹೋದದ್ದು ಸಂಭ್ರಮಕ್ಕೆ.

ಮನೆಯಲ್ಲಿ ಮದುವೆಯಿದ್ದರೆ ನಾವು ಏನು ಮಾಡುತ್ತೇವೆ? ಎಷ್ಟು ಎಲೆ ಬೀಳಬಹುದೆಂದು ಮೊದಲು ಲೆಕ್ಕ ಹಾಕುತ್ತೇವೆ. ನೀರು, ನೆರಳು, ಕೈ ತೊಳೆಯುವ ಜಾಗ ನೋಡುತ್ತೇವೆ. ವಾದ್ಯದವರಿಗೆ ವೀಳ್ಯ ಕೊಡುವುದು ಆಮೇಲೆ. ವಾದ್ಯ ಬಹಳ ಚೆನ್ನಾಗಿತ್ತು, ಊಟ ಮಾತ್ರ ಸಿಗಲಿಲ್ಲ ಎಂದು ಬಂಧುಗಳು ಹೇಳುವಂತಾದರೆ ಆ ಮನೆಯ ಯಜಮಾನ ತಲೆ ಎತ್ತಿ ನಡೆಯಬಲ್ಲನೇ? ಕರೆದವರ ಮೇಲೆ ಬಂದವರ ಹೊಣೆಯಿದೆ. ಯುವಕ ಮಂಡಲವಾದರೂ ಅಷ್ಟೇ, ಕೋಟಿಗಟ್ಟಲೆ ಬೆಲೆಬಾಳುವ ಕ್ಲಬ್ಬಾದರೂ ಅಷ್ಟೇ.

ಆದುದರಿಂದ ಶುಭಾಶಯದ ಜತೆಯಲ್ಲಿ ನನ್ನ ಶಿಷ್ಯನಿಗೆ ಒಂದು ಪುಟದ ಪತ್ರವನ್ನೂ ಬರೆದು ಕೊಟ್ಟೆ. ಮೊದಲನೆಯದಾಗಿ ಕುಡಿಯುವ ನೀರು, ಹೆಂಗಸರಿಗೆ ಕುಳಿತುಕೊಳ್ಳಲು ಪ್ರತ್ಯೇಕ ಜಾಗ, ಶೌಚಾಲಯ. ಒಳಗೆ ಬರಲು ಒಂದು ದಾರಿ, ಹೊರಗೆ ಹೋಗಲು ಇನ್ನೊಂದು ದಾರಿ. ಆಂಬ್ಯುಲೆನ್ಸ್ ಬರುವ ದಾರಿಯಲ್ಲಿ ಒಂದು ಸೈಕಲ್ಲೂ ನಿಲ್ಲಬಾರದು. ಗ್ಯಾಲರಿ ಕಟ್ಟುವುದಾದರೆ ಬಲ್ಲ ಇಂಜಿನಿಯರಿಂದ ಪರೀಕ್ಷೆ ಮಾಡಿಸಬೇಕು. ಎರಡನೆಯದಾಗಿ, ದಾಳಿ ನಡೆಯುವಾಗ ಸಂಗೀತ ನಿಲ್ಲಬೇಕು. ಮೈಕಿನವನ ಪಕ್ಕದಲ್ಲಿ ಒಬ್ಬ ಸ್ವಯಂಸೇವಕ ಜನರನ್ನೇ ನೋಡುತ್ತ ಕುಳಿತಿರಬೇಕು. ಮೂರನೆಯದಾಗಿ, ನೃತ್ಯ ತಂಡದ ಬದಲು ವಿರಾಮಕ್ಕೆ ಊರಿನ ಶಾಲೆಯ ಹುಡುಗ ಹುಡುಗಿಯರಿಂದ ಐದು ನಿಮಿಷದ ಕಬಡ್ಡಿ ಆಡಿಸಬೇಕು. ಚೆಂಡೆ ಕಲಿಯುವ ಮಕ್ಕಳಿದ್ದರೆ ಅವರಿಂದ ನುಡಿಸಬೇಕು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿಯನ್ನೂ 2022ರ ಬರ್ಮಿಂಗ್‌ಹ್ಯಾಮಿನಲ್ಲಿ ಕಂಚನ್ನೂ ಗೆದ್ದ ಭಾರ ಎತ್ತುಗಾರ ಗುರುರಾಜ ಪೂಜಾರಿ ನಮ್ಮ ಕುಂದಾಪುರ ಕಡೆಯವರೇ. ಅಂಥ ಇನ್ನೊಬ್ಬರು ಈ ಮಕ್ಕಳ ನಡುವೆ ಇರಬಾರದೆಂದೇನು? ನೂರಾರು ಜನರ ಚಪ್ಪಾಳೆಯನ್ನು ಒಮ್ಮೆ ಕೇಳಿದ ಮಗು ಅದನ್ನು ಮರೆಯುವುದಿಲ್ಲ. ಮಗು ಆಡುತ್ತದೆಂದಾದರೆ ಮನೆಯವರೆಲ್ಲ ನೋಡಲು ಬಂದೇ ಬರುತ್ತಾರೆ. ಜನ ಬರುವುದಿಲ್ಲವೆಂಬ ಅವನ ಚಿಂತೆಗೂ ಅದೇ ಉತ್ತರ.

ಎರಡು ದಿನ ಬಿಟ್ಟು ದೂರವಾಣಿ ಮಾಡಿದ. ಸಮಿತಿಯಲ್ಲಿ ಬಹಳ ಚರ್ಚೆಯಾಯಿತಂತೆ. ಡಿಜೆಯವನಿಗೆ ಮುಂಗಡ ಕೊಟ್ಟಾಗಿದೆ, ಅದನ್ನು ಬಿಡಲಾಗದು. ದಾಳಿಯ ಹೊತ್ತಿಗೆ ನಿಲ್ಲಿಸಲು ಒಪ್ಪಿದ್ದಾರೆ. ಸುಡುಮದ್ದಿನ ಹಣ ನೀರಿಗೂ ಶೌಚಾಲಯಕ್ಕೂ ಹೋಗಿದೆ. ಮಕ್ಕಳ ಕಬಡ್ಡಿಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ನೃತ್ಯ ತಂಡ ಬಂದೇ ಬರುತ್ತದಂತೆ. ನೂರಕ್ಕೆ ಅರುವತ್ತು ಅಂಕ ಕೊಟ್ಟೆ. ಗಣಿತದಲ್ಲಿ ಅವನು ಅಷ್ಟು ತೆಗೆದವನಲ್ಲ.

ಪಂದ್ಯಾಟಕ್ಕೆ ನಾನೂ ಹೋಗುವವನಿದ್ದೇನೆ. ಆ ಎತ್ತರ ಜಿಗಿತದ ಹುಡುಗನೂ ಬರುತ್ತೇನೆಂದಿದ್ದಾನೆ. ಈಗ ಅವನ ಮಗಳೇ ಶಾಲೆಯ ತಂಡದಲ್ಲಿ ಕಬಡ್ಡಿ ಆಡುತ್ತಾಳೆ. ನಿಮ್ಮಲ್ಲಿ ಅನೇಕರು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಕೊಲ್ಲಿ ದೇಶಗಳಲ್ಲೋ ಇದ್ದು ಊರಿನ ಪಂದ್ಯಾಟಗಳಿಗೆ ಹಣ ಕಳುಹಿಸುತ್ತೀರಿ. ಮುಂದಿನ ಬಾರಿ ಕಳುಹಿಸುವಾಗ ಒಂದು ಮಾತು ಕೇಳಿ: "ಬಂದವರಿಗೆ ನೀರಿನ ವ್ಯವಸ್ಥೆ ಏನು?" ನಿಮ್ಮ ಮಾತಿಗೆ ಸಮಿತಿಯವರು ನನ್ನ ಮಾತಿಗಿಂತ ಹೆಚ್ಚು ಬೆಲೆ ಕೊಟ್ಟಾರು.