ಸಗಣಿ ಹೊತ್ತೋರು ಕೂಲಿ, ಫೋಟೋ ಹಿಡಿದೋರು ಕಲಾವಿದರು

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ವಾರ ವಾಟ್ಸಾಪಿನಲ್ಲಿ ಒಂದು ಪೋಸ್ಟರ್ ಬಂತು. ನಮ್ಮೂರಿಂದ ಮೂರು ಕಿಲೋಮೀಟರ್ ದೂರದ ಫಾರ್ಮ್ ಒಂದರದ್ದು. 'ರೀಜನರೇಟಿವ್' ಫಾರ್ಮ್, ಅಂದರೆ ಸತ್ತ ಮಣ್ಣಿಗೆ ಮತ್ತೆ ಜೀವ ತುಂಬುವ ಬೇಸಾಯ. ಅಲ್ಲಿ ಕಲಾವಿದರಿಗೆ ಹದಿನೈದು ದಿನದ ರೆಸಿಡೆನ್ಸಿಯಂತೆ. ಬೆಳಿಗ್ಗೆ ಎರಡು ಗಂಟೆ ತೋಟದ ಕೆಲಸ, ಉಳಿದ ಹೊತ್ತು ಕಲೆ. ಊಟ, ವಸತಿ ಸೇರಿ ನಲವತ್ತು ಸಾವಿರ. ಅರ್ಜಿ ಇಂಗ್ಲಿಷಿನಲ್ಲೇ ಹಾಕಬೇಕು.

ಪೋಸ್ಟರಿನ ಮೇಲೆ ಎರಡು ಕೈಗಳ ಫೋಟೋ. ಕಪ್ಪು ಕೈ, ಬಿರುಕು ಬಿಟ್ಟ ಬೆರಳು, ಬೊಗಸೆ ತುಂಬ ಗೊಬ್ಬರ. ಎಡಗೈ ತೋರುಬೆರಳಿಗೆ ಉಗುರಿಲ್ಲ. ಆ ಉಗುರು ಹತ್ತು ವರ್ಷದ ಹಿಂದೆ ಬೇರೆ ಯಾರದೋ ಕೊಟ್ಟಿಗೆಯಲ್ಲಿ ಮೇವು ಕತ್ತರಿಸೋ ಮಿಷಿನ್ನಿಗೆ ಸಿಕ್ಕಿ ಹೋಯ್ತು. ಆವತ್ತು ಬೈಕಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದವನು ನಾನೇ. ಅದು ನನ್ನ ಚಿಕ್ಕಮ್ಮನ ಕೈ.

ಭಾನುವಾರ ಹೋಗಿ ಕೇಳಿದೆ. "ಫೋಟೋ ಹಿಡಿಯೋವಾಗ ನಿನ್ನ ಕೇಳಿದ್ರಾ ಚಿಕ್ಕಮ್ಮ?"

"ಕೇಳುದ್ರು ಕಣಪ್ಪ. ಕೈ ಒಡ್ಡಮ್ಮ ಅಂದ್ರು, ಒಡ್ಡುದೆ. ಮೊಕ ಬ್ಯಾಡ ಅಂದ್ರು."

ಮುಖ ಬೇಡ. ಹೆಸರೂ ಬೇಡ. ಕೈ ಮಾತ್ರ ಸಾಕು.

ಚಿಕ್ಕಮ್ಮ ಆ ತೋಟಕ್ಕೆ ಆರು ವರ್ಷದಿಂದ ಹೋಗ್ತಿದ್ದಾಳೆ. ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು ಹಾಕಿ ಡ್ರಮ್ಮಿನಲ್ಲಿ ಜೀವಾಮೃತ ಕಲಸೋದು ಅವಳು. ಕಾಂಪೋಸ್ಟ್ ಗುಡ್ಡೆಯೊಳಗೆ ಮೊಣಕೈವರೆಗೂ ಕೈ ಹಾಕಿ, ಬಿಸಿ ಹಿಡಿದಿದೆಯೋ, ನೀರು ಬೇಕೋ, ತಿರುವಿ ಹಾಕಬೇಕೋ ಅಂತ ಹೇಳೋದು ಅವಳು. ಬಂದ ಕಲಾವಿದರಿಗೆ ಇದನ್ನ ಕಲಿಸಿಕೊಡೋದೂ ಅವಳೇ. ಕಲಿಸಿದ್ದಕ್ಕೆ ಬೇರೆ ಕಾಸಿಲ್ಲ, ದಿನಗೂಲಿಯಲ್ಲೇ ಸೇರಿಹೋಯ್ತು. ಜೋರು ಮಳೆ ಬಂದ ದಿನ ಕಲಾವಿದರು ಜಗಲಿಯಲ್ಲಿ ಕೂತು ಮಳೆಯ ಮೇಲೆ ಕವಿತೆ ಬರೀತಾರೆ. ಚಿಕ್ಕಮ್ಮನಿಗೆ ಆವತ್ತಿನ ಕೂಲಿ ಇಲ್ಲ.

ಒಬ್ಬರು ಅವಳಿಗೆ ಹೇಳಿದ್ರಂತೆ, ಸಗಣಿ ಮುಟ್ಟಿದ ಮೇಲೆ ನನ್ನ ಮನಸ್ಸಿನ ಗಾಯ ಮಾಯ್ತು ಅಂತ. ಮಾಯಲಿ, ಸಂತೋಷ. ಆದರೆ ಇದೇ ಸಗಣಿ ಬಾಚಿ, ಸತ್ತ ದನ ಹೊತ್ತ ನಮ್ಮಪ್ಪನಿಗೆ ಆ ಮನೆಯವರು ನೀರನ್ನ ಮೇಲಿನಿಂದ ಬೊಗಸೆಗೆ ಹುಯ್ಯುತ್ತಿದ್ದರು. ನಾವು ಮುಟ್ಟಿದರೆ ಮೈಲಿಗೆ, ನೀವು ದುಡ್ಡು ಕೊಟ್ಟು ಮುಟ್ಟಿದರೆ ಚಿಕಿತ್ಸೆ! ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ಅಲ್ಲಿ ಯಾರಾದರೂ ಒಂದು ಚಿತ್ರ ಬರೆದಿದ್ದರೆ ನಾನೇ ಟಿಕೆಟ್ ತಗೊಂಡು ಹೋಗಿ ನೋಡ್ತಿದ್ದೆ.

'ನೀವು ಎಲ್ಲದರಲ್ಲೂ ಜಾತಿ ಹುಡುಕ್ತೀರಿ' ಅಂತ ಕೆಳಗೆ ಬರೆಯೋರು ಬರೀರಿ. ನಾನು ಈ ಬೇಸಾಯದ ವಿರೋಧಿ ಅಲ್ಲ. ಅಮೆರಿಕದಲ್ಲಿ ಗುಲಾಮಳ ಹೊಟ್ಟೆಯಲ್ಲಿ ಹುಟ್ಟಿದ ಜಾರ್ಜ್ ವಾಷಿಂಗ್ಟನ್ ಕಾರ್ವರ್ 1896ರಲ್ಲಿ ಅಲಬಾಮದ ಟಸ್ಕೀಗೀ ಸಂಸ್ಥೆಗೆ ಹೋದರು. ಹತ್ತಿ ಬೆಳೆದು ಬೆಳೆದು ಸಾರ ಕಳಕೊಂಡ ನೆಲಕ್ಕೆ ಕಡಲೆಕಾಯಿ, ಅಲಸಂದೆ ಹಾಕಿ, ಎಲೆಗೊಬ್ಬರ ಹಾಕಿ ಅಂತ ಬಡ ಕರಿಯ ರೈತರಿಗೆ ಕಲಿಸಿದರು. ಅವರು ಚಿತ್ರಕಾರರೂ ಆಗಿದ್ದರು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಮಣ್ಣಿನ ವಿದ್ಯೆ, ಕಲೆ ಎರಡೂ ಒಬ್ಬನೇ ಮನುಷ್ಯನಲ್ಲಿ ಇರೋಕೆ ಸಾಧ್ಯ. ಆದರೆ ಚಿಕ್ಕಮ್ಮನಂಥವರಲ್ಲಿ ಇದ್ದರೆ ಅದನ್ನ ವಿದ್ಯೆ ಅಂತ ಯಾರೂ ಕರೆಯಲ್ಲ.

ಇನ್ನು ನೆಲದ ಮಾತು. ನಾನು ಗುಮಾಸ್ತ, ಪಹಣಿ ಓದೋಕೆ ಬರುತ್ತೆ. ಫಾರ್ಮಿನ ಕೆಳಗಿನ ಮೂರು ಎಕರೆ ನಮ್ಮ ತಾತ ವಾರಕ್ಕೆ ಉಳುತ್ತಿದ್ದ ಹೊಲ. 1974ರಲ್ಲಿ 'ಉಳುವವನೇ ಹೊಲದೊಡೆಯ' ಅಂತ ಕಾನೂನು ಬಂದಾಗ ತಾತ ಫಾರಂ 7 ಹಾಕಲಿಲ್ಲ. ಬಾಯಿಮಾತಿನ ವಾರ, ಕೈಯಲ್ಲಿ ಒಂದು ಚೀಟಿ ಇಲ್ಲ. ಧಣಿ ಎದುರು ನಿಂತರೆ ಮಾರನೇ ದಿನದ ಗಂಜಿಗೆ ಎಲ್ಲಿಗೆ ಹೋಗೋದು? 2020ರಲ್ಲಿ ಅದೇ ಕಾಯ್ದೆಯಿಂದ 79ಎ, 79ಬಿ ಕಲಂಗಳನ್ನ ತೆಗೆದುಹಾಕಿದರು. ಬೇಸಾಯಗಾರ ಅಲ್ಲದವರೂ ಜಮೀನು ಕೊಳ್ಳಬಹುದು ಅಂತ ಆಯ್ತು. ಮರುವರ್ಷವೇ ಆ ಹೊಲ ಈ ಫಾರ್ಮಿಗೆ ಸೇರಿತು. ಕೊಂಡದ್ದು ಕಾನೂನು ಪ್ರಕಾರವೇ, ಇಲ್ಲ ಅನ್ನಲ್ಲ. ಆದರೆ ಕಲಾವಿದರಿಗೆ 'ಈ ನೆಲದ ಕಥೆ' ಅಂತ ಹೇಳುವಾಗ ಹಕ್ಕಿ ಬರುತ್ತೆ, ಎರೆಹುಳು ಬರುತ್ತೆ, ನಮ್ಮ ತಾತ ಬರಲ್ಲ.

ಹೋದ ಸಲ ಕೊನೇ ದಿನದ ಪ್ರದರ್ಶನಕ್ಕೆ ನಮ್ಮ ಕೇರಿ ಹುಡುಗರನ್ನ ತಮಟೆ ಬಾರಿಸೋಕೆ ಕರೆದಿದ್ದರು. ಸಂಭಾವನೆ ಕೇಳಿದರೆ 'ಊಟ ಇದೆಯಲ್ಲ' ಅಂದರು. ತಮಟೆ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿದೆ ಸ್ವಾಮಿ. ತಮಟೆ ಕಲೆ ಹೌದೋ ಅಲ್ಲವೋ ಅನ್ನೋ ಚರ್ಚೆ ಮುಗಿದುಹೋಗಿದೆ. ನಿಮ್ಮ ಚಿತ್ರಕಾರರು ಅತಿಥಿಗಳಾದರೆ ನಮ್ಮ ಹುಡುಗರೂ ಅತಿಥಿಗಳೇ. ಹಿಂದಿನ ಬಾಗಿಲಲ್ಲಿ ಎಲೆ ಹಾಕಬೇಡಿ.

ಬಂದವರೆಲ್ಲ ಹಾಗೇ ಇದ್ದರು ಅಂತಲ್ಲ. ಒಬ್ಬ ಹುಡುಗಿ ಚಿಕ್ಕಮ್ಮನ ಹೆಸರು ಕೇಳಿ, ಮನೆಗೆ ಬಂದು ಮುದ್ದೆ ಉಂಡು ಹೋಗಿದ್ದಾಳೆ. ಚಿಕ್ಕಮ್ಮ ಇವತ್ತಿಗೂ ಅವಳನ್ನ ನೆನೀತಾಳೆ.

ಫಾರ್ಮಿನವರಿಗೆ ನಾನು ಕೇಳೋದು ಜಾಸ್ತಿ ಏನಿಲ್ಲ. ಮಳೆ ದಿನಕ್ಕೂ ಕೂಲಿ ಕೊಡಿ. ಕಲಿಸಿದ ಹೊತ್ತಿಗೆ ಮೇಷ್ಟ್ರಿಗೆ ಕೊಡೋ ಹಾಗೆ ಕೊಡಿ. ಪೋಸ್ಟರಿನಲ್ಲಿ ಆ ಕೈ ಯಾರದು ಅಂತ ಹೆಸರು ಹಾಕಿ. ಪ್ರತಿ ತಂಡದಲ್ಲಿ ಎರಡು ಜಾಗ ಸುತ್ತಲಿನ ಕೇರಿಗಳ ಕಲಾವಿದರಿಗೆ ಇಡಿ, ದುಡ್ಡಿಲ್ಲದೆ, ಕನ್ನಡದ ಅರ್ಜಿಯಲ್ಲಿ.

ಅರ್ಜಿಗೆ ಈ ತಿಂಗಳ ಮೂವತ್ತು ಕೊನೇ ದಿನ. ಚಿಕ್ಕಮ್ಮನ ಹೆಸರಲ್ಲಿ ನಾನೇ ಕನ್ನಡದಲ್ಲಿ ಬರೆದು ನಿನ್ನೆ ಕಳಿಸಿದ್ದೀನಿ. ನಿಮ್ಮ ಕಲಾಕೃತಿಯ ಫೋಟೋ ಲಗತ್ತಿಸಿ ಅನ್ನೋ ಕಡೆ ಅವರದೇ ಪೋಸ್ಟರ್ ಲಗತ್ತಿಸಿದ್ದೀನಿ. ಉತ್ತರ ಬಂದರೆ ಇಲ್ಲೇ ಹಾಕ್ತೀನಿ.